ಚುಚ್ಚಿದ್ದು ಅಂಗಾಲಿಗೆ, ದವಡೆ ಕಚ್ಚಿಕೊಳ್ಳುವುದೇಕೆ?

ಮಂಡ್ಯ ಕಡೆ ಧನುರ್ವಾಯುವಿನ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: "ಕಬ್ಬಿನ ಕೂಳೆ ಚುಚ್ಚಿದ್ದು ಅಂಗಾಲಿಗೆ, ಗಾಯಾನೂ ಒಣಗೋಯ್ತು. ಆಮೇಲೆ ದವಡೆ ಯಾಕೆ ಕಚ್ಕೊಳುತ್ತೆ?" ಅದರ ಬೆನ್ನಿಗೇ ಇನ್ನೊಂದು: "ಮೊಳೆಗೆ ತುಕ್ಕೇ ಇರಲಿಲ್ವಲ್ಲ, ಟಿಟಿ ಯಾಕೆ?"

ಎರಡನೆಯದನ್ನು ಬೇಗ ಮುಗಿಸಬಹುದು. ರೋಗ ತುಕ್ಕಿನಿಂದ ಬರುವುದಿಲ್ಲ. ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತವೆ. ಕೊಟ್ಟಿಗೆ ಗೊಬ್ಬರ ಹಾಕಿದ ಗದ್ದೆಯ ಕೂಳೆಯಾಗಲಿ, ಹೊಸ ಮೊಳೆಯಾಗಲಿ, ಅವನ್ನು ಗಾಳಿಯಾಡದ ಆಳಕ್ಕೆ ಒಯ್ದರೆ ಸಾಕು. ಅಲ್ಲಿ ಮೊಳೆತು ವಿಷ ತಯಾರಿಸುತ್ತವೆ.

ಮೊದಲನೆಯ ಪ್ರಶ್ನೆಗೆ ಉತ್ತರ ಇರುವುದು ನರದ ತುದಿಯಲ್ಲಿ. ಅಲ್ಲಿ ಸುಮಾರು 40 ನ್ಯಾನೊಮೀಟರ್ ಅಗಲದ ಗುಳ್ಳೆಗಳಿವೆ; ಒಂದು ಕೂದಲಿನ ದಪ್ಪಕ್ಕೆ ಸಾಲಾಗಿ ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ. ಒಂದೊಂದರಲ್ಲೂ ಮುಂದಿನ ಕೋಶಕ್ಕೆ ಹೋಗಬೇಕಾದ ರಾಸಾಯನಿಕದ ಸಾವಿರಾರು ಅಣುಗಳು. ಗುಳ್ಳೆಯ ಪೊರೆ ನರದ ಹೊರಪೊರೆಗೆ ಬೆಸೆದುಕೊಂಡು ಬಾಯಿ ಬಿಟ್ಟರೆ ಮಾತ್ರ ಅವು ಆಚೆ ಬೀಳುತ್ತವೆ. ಆದರೆ ಎರಡೂ ಪೊರೆಗಳ ಮೈಗೆ ನೀರು ಅಂಟಿರುತ್ತದೆ, ಎರಡಕ್ಕೂ ಋಣ ವಿದ್ಯುದಂಶ ಇದೆ. ಹತ್ತಿರ ಬಂದಷ್ಟೂ ಒಂದನ್ನೊಂದು ತಳ್ಳುತ್ತವೆ.

ಆ ತಳ್ಳಾಟವನ್ನು ಮೀರಿ ಅವನ್ನು ಎಳೆದು ಸೇರಿಸುವುದು ಸ್ನೇರ್ ಪ್ರೋಟೀನುಗಳು. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗುಳ್ಳೆಯ ಮೇಲೆ ಸಿನಾಪ್ಟೊಬ್ರೆವಿನ್, ಅದರದು ಒಂದು ಎಳೆ. ಹೊರಪೊರೆಯ ಮೇಲೆ ಸಿಂಟ್ಯಾಕ್ಸಿನ್, ಅದರದೂ ಒಂದು. ಪಕ್ಕದಲ್ಲಿ ಸ್ನ್ಯಾಪ್-25, ಅದು ಎರಡು ಎಳೆ ಕೊಡುತ್ತದೆ. ಈ ನಾಲ್ಕೆಳೆಯ ಹುರಿಯ ಉದ್ದ ಸುಮಾರು 12 ನ್ಯಾನೊಮೀಟರ್. 1998ರಲ್ಲಿ ಇದರ ಸ್ಫಟಿಕ ರಚನೆ ಸಿಕ್ಕಿತು. ಹುರಿ ಕೂಡಿಕೊಳ್ಳಲು ಶುರುವಾಗುವುದು ಪೊರೆಯಿಂದ ದೂರದ ತುದಿಯಲ್ಲಿ. ಹೊಸೆತ ಪೊರೆಗಳ ಕಡೆಗೆ ಸಾಗಿದಂತೆ ಬುಡಗಳು ಹತ್ತಿರವಾಗುತ್ತವೆ, ಬುಡಕ್ಕೆ ಅಂಟಿದ ಪೊರೆಗಳೂ ಹತ್ತಿರವಾಗುತ್ತವೆ.

ಸಿದ್ಧವಾಗಿ ನಿಂತ ಗುಳ್ಳೆಗಳಲ್ಲಿ ಹುರಿ ಅರ್ಧಕ್ಕೆ ನಿಂತಿರುತ್ತದೆ. ನರದ ವಿದ್ಯುತ್ ಬಂದು ಕ್ಯಾಲ್ಸಿಯಂ ಒಳಗೆ ನುಗ್ಗಿದಾಗ ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನು ಆ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಒಂದು ಮಿಲಿಸೆಕೆಂಡಿನೊಳಗೆ ಉಳಿದ ಬಿಗಿಯೂ ಬಿದ್ದು ಗುಳ್ಳೆ ಬಾಯಿ ಬಿಡುತ್ತದೆ. ಬಳಸಿದ ಹುರಿಯನ್ನು ಬಿಚ್ಚಿ ಎಳೆಗಳನ್ನು ಮತ್ತೆ ಕೆಲಸಕ್ಕೆ ಕೊಡುವುದು ಎನ್‌ಎಸ್‌ಎಫ್ ಎಂಬ ಇನ್ನೊಂದು ಪ್ರೋಟೀನು, ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ. ಈ ಸಾಗಾಣಿಕೆಯನ್ನು ಬಿಡಿಸಿ ತೋರಿಸಿದ ವಿಜ್ಞಾನಿಗಳಾದ ರಾಥ್‌ಮನ್, ಶೆಕ್‌ಮನ್ ಮತ್ತು ಸುಡ್‌ಹಾಫ್ ಅವರಿಗೆ 2013ರ ನೊಬೆಲ್ ಬಂತು.

ಧನುರ್ವಾಯುವಿನ ವಿಷ ಒಂದು ಕತ್ತರಿ. ಅದು ಸಿನಾಪ್ಟೊಬ್ರೆವಿನ್‌ ಅನ್ನು ಕತ್ತರಿಸುತ್ತದೆ ಎಂದು ತೋರಿಸಿದ್ದು 1992ರಲ್ಲಿ, ಇಟಲಿಯ ಸ್ಕಿಯಾವೊ ಮತ್ತು ಮೊಂಟೆಕುಕ್ಕೊ. ಆ ಪ್ರೋಟೀನು ಸರಪಳಿಯಂತೆ, ಅದರ ಕೊಂಡಿಗಳಾದ 116 ಅಮೈನೊ ಆಮ್ಲಗಳಲ್ಲಿ 76 ಮತ್ತು 77ರ ನಡುವೆ, ಅಲ್ಲೊಂದೇ ಕಡೆ ಕಡಿಯುತ್ತದೆ. ಗುಳ್ಳೆಯಲ್ಲಿ ಮೋಟು ಉಳಿಯುತ್ತದೆ, ಹುರಿಗೆ ಬೇಕಾದ ಎಳೆ ಉದುರಿಹೋಗುತ್ತದೆ. ಗುಳ್ಳೆ ಬಾಗಿಲಿಗೆ ಬಂದು ನಿಲ್ಲುತ್ತದೆ, ತೆರೆಯಲಾಗುವುದಿಲ್ಲ.

ವಿಷ ರಕ್ತದ ಮೂಲಕ ಮೈಯೆಲ್ಲ ಹರಡಿ, ಸ್ನಾಯುಗಳಿಗೆ ಹೋಗುವ ನರಗಳ ತುದಿ ಹೊಕ್ಕು, ನರದೊಳಗೇ ಹಿಮ್ಮುಖವಾಗಿ ಮಿದುಳುಬಳ್ಳಿಗೆ ಅಥವಾ ಮಿದುಳಿನ ಬುಡಕ್ಕೆ ಏರುತ್ತದೆ. ದವಡೆಯ ನರದ ದಾರಿ ಗಿಡ್ಡ, ಕಾಲಿನದು ಉದ್ದ. ಹಾಗಾಗಿ ಮೊದಲು ದವಡೆ. ಮೇಲೆ ತಲುಪಿದ ವಿಷ "ಬಿಡು" ಎಂದು ಸ್ನಾಯುವನ್ನು ಸಡಿಲಿಸುವ ಪಕ್ಕದ ನರಕೋಶಗಳಿಗೆ ದಾಟಿ ಅವುಗಳ ಸಿನಾಪ್ಟೊಬ್ರೆವಿನ್ ಕಡಿಯುತ್ತದೆ. ಬ್ರೇಕ್ ಹೋಯಿತು, ಎದುರುಬದಿರಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುತ್ತವೆ, ಬಲವಾದದ್ದು ಗೆಲ್ಲುತ್ತದೆ. ಬಾಯಿ ಮುಚ್ಚುವ ಸ್ನಾಯು ತೆರೆಯುವುದಕ್ಕಿಂತ ಬಲ. ಬೆನ್ನಿನ ಸ್ನಾಯುಗಳು ಬಲವಾದ್ದರಿಂದ ದೇಹ ಬಿಲ್ಲಿನಂತೆ ಬಾಗುತ್ತದೆ. ನಮ್ಮವರು ಇಟ್ಟ ಹೆಸರು ಎಷ್ಟು ಸರಿಯಾಗಿದೆ!

ಇನ್ನೊಂದು ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ತಯಾರಿಸುವ ಬಾಟುಲಿನಂ ವಿಷದ ಬಿ ಬಗೆ ಕಡಿಯುವುದೂ ಇದೇ 76-77ರ ನಡುವೆ. ಆದರೆ ಅದು ಸ್ನಾಯುವಿನ ಬಳಿಯೇ ಉಳಿದು, "ಬಿಗಿ" ಎನ್ನುವ ಸಂದೇಶವನ್ನು ತಡೆಯುತ್ತದೆ. ಅದರಿಂದ ಮೈ ಜೋಲುಬೀಳುತ್ತದೆ. ಕಡಿತ ಒಂದೇ, ಜಾಗ ಬೇರೆ, ರೋಗ ತದ್ವಿರುದ್ಧ.

ನರದ ಒಳಹೊಕ್ಕ ವಿಷವನ್ನು ಯಾವ ಪ್ರತಿಕಾಯವೂ ಮುಟ್ಟಲಾರದು. ಹೊಸ ಪ್ರೋಟೀನು, ಹೊಸ ನರತುದಿ ಬೆಳೆಯುವವರೆಗೆ ವಾರಗಟ್ಟಲೆ ಕಾಯಬೇಕು. ಆದ್ದರಿಂದ ಗಾಯವಾದ ದಿನವೇ ಎಚ್ಚರ ಬೇಕು. ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸಗಣಿ, ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಬಾಯಿ ಮುಚ್ಚಿದ ಗಾಯವೇ ಆ ಬ್ಯಾಕ್ಟೀರಿಯಾಕ್ಕೆ ಅನುಕೂಲ. ಹಿಂದೆ ಮೂರಾದರೂ ಡೋಸ್ ಆಗಿದ್ದರೆ, ಮಣ್ಣಾದ ಗಾಯಕ್ಕೆ ಕೊನೆಯ ಚುಚ್ಚುಮದ್ದಿನಿಂದ 5 ವರ್ಷ, ಶುಭ್ರವಾದ ಸಣ್ಣ ಗಾಯಕ್ಕೆ 10 ವರ್ಷ ಕಳೆದಿದ್ದಾಗ ಮತ್ತೊಂದು ಬೇಕು. ಈಗ ಟಿಟಿ ಬದಲು ಟಿಡಿ (ಧನುರ್ವಾಯುವಿನ ಜೊತೆ ಡಿಫ್ತೀರಿಯಾಕ್ಕೂ ಲಸಿಕೆ) ಕೊಡುತ್ತಾರೆ, 0.5 ಮಿಲಿ. ಹಿಂದೆ ಹಾಕಿಸಿದ ನೆನಪೇ ಇಲ್ಲದವರ ಮಣ್ಣಾದ ಗಾಯಕ್ಕೆ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳು) ಕೂಡ, ಸಾಮಾನ್ಯವಾಗಿ 250 ಯೂನಿಟ್, ದೇಹದ ಬೇರೆ ಕಡೆಗೆ. ಅದು ಹೊರಗಿರುವ ವಿಷವನ್ನು ನರ ಹೊಗುವ ಮೊದಲೇ ಹಿಡಿಯುತ್ತದೆ.

"ಒಂದ್ಸಲ ಬಂದು ವಾಸಿಯಾದ್ರೆ ಮತ್ತೆ ಬರಲ್ಲ ಅಲ್ವಾ?" ಎಂದೂ ಕೇಳುತ್ತಾರೆ. ಬರಬಹುದು. ಕಿಲೋ ತೂಕಕ್ಕೆ ಸುಮಾರು 2.5 ನ್ಯಾನೊಗ್ರಾಂ ವಿಷವೇ ಪ್ರಾಣ ತೆಗೆಯಲು ಸಾಕು ಎಂಬ ಅಂದಾಜಿದೆ. ದೇಹ ಗುರುತಿಟ್ಟುಕೊಳ್ಳಲು ಅಷ್ಟು ಸಾಲದು. ಅದಕ್ಕೇ ಗುಣವಾದವರಿಗೂ ಚುಚ್ಚುಮದ್ದಿನ ಪೂರ್ತಿ ಸರಣಿ ಹಾಕಲೇಬೇಕು.