ದೀಪ ಆರಿಸಿದ ಮೇಲೆ ಕಂಡ ಕೆಂಪು ಚುಕ್ಕೆ

22 ಮಾರ್ಚ್ 2025, ಶನಿವಾರ ರಾತ್ರಿ

ಎಂಟೂವರೆಗೆ ಸರಿಯಾಗಿ ಮನೆಯ ದೀಪಗಳನ್ನೆಲ್ಲ ಆರಿಸಿದೆವು. ಇವತ್ತು ಅರ್ಥ್ ಅವರ್, ಭೂಮಿಯ ನೆನಪಿಗೆ ಒಂದು ಗಂಟೆ ದೀಪ ಆರಿಸುವ ಆಚರಣೆ. ಮಗಳ ಒತ್ತಾಯ. ಇಂಥ ಆಚರಣೆಗಳೆಂದರೆ ನನಗೆ ಅಷ್ಟಕ್ಕಷ್ಟೆ.

ಹೆಂಡತಿ ಕತ್ತಲಲ್ಲೇ ತಡಕಾಡಿ ಮೇಣದ ಬತ್ತಿ ಹುಡುಕಿ ತಂದಳು. "ಅಮ್ಮಾ, ಅದು ಬೇಡ" ಅಂದಳು ಮಗಳು. ಅವಳು ಹೇಳಿದ್ದು ಸರಿಯೇ. ಮೇಣದ ಬತ್ತಿ ಹೆಚ್ಚಾಗಿ ಪ್ಯಾರಾಫಿನ್‌ನದು, ಅಂದರೆ ಕಚ್ಚಾ ತೈಲದ ಕೂಸು. ಗಂಟೆಗೆ ಐದಾರು ಗ್ರಾಂ ಮೇಣ ಉರಿದರೆ ಹದಿನೈದು ಗ್ರಾಂ ಮೀರಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಾವು ಆರಿಸಿದ 9 ವ್ಯಾಟಿನ ಎಲ್‌ಇಡಿಗೆ ಕಲ್ಲಿದ್ದಲ ಕರೆಂಟನ್ನೇ ಕೊಟ್ಟರೂ ಅಷ್ಟಾಗದು, ಬೆಳಕು ಮಾತ್ರ ಸುಮಾರು ಅರವತ್ತು ಬತ್ತಿಯಷ್ಟು! ಬತ್ತಿ ವಾಪಸ್ ಹೋಯಿತು.

2007ರ ಮಾರ್ಚ್ 31ರಂದು ಸಿಡ್ನಿಯಲ್ಲಿ ಇದು ಶುರುವಾದಾಗ ಸುಮಾರು 22 ಲಕ್ಷ ಜನ ದೀಪ ಆರಿಸಿದ್ದರಂತೆ. ಆಗಿನ್ನೂ ಬುರುಡೆ ಬಲ್ಬು ಮಾಯವಾಗಿರಲಿಲ್ಲ. 60 ವ್ಯಾಟಿನದೊಂದು ಆರಿಸಿದರೂ ಲೆಕ್ಕಕ್ಕೆ ಸಿಗುತ್ತಿತ್ತು. ಈಗ?

ಸುಮ್ಮನೆ ಕೂತಿದ್ದಾಗ ಬಾಗಿಲ ಪಕ್ಕ ಏನೋ ಮಿಣುಕ್ ಅಂದಿತು. ಮೀಟರು. ಇಷ್ಟು ವರ್ಷ ಅದರ ಮುಂದೆಯೇ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದೇನೆ, ಆ ಕೆಂಪು ಚುಕ್ಕೆಯನ್ನು ನೋಡಿದ ನೆನಪಿಲ್ಲ. ಮೊಬೈಲ್ ಬೆಳಕು ಹಿಡಿದು ಓದಿದೆ (ಮಗಳು ಗುರಾಯಿಸಿದಳು): ಒಂದು ಯೂನಿಟ್‌ಗೆ 3200 ಮಿಣುಕು. ಗಡಿಯಾರ ಹಿಡಿದು ಎಣಿಸಿದರೆ ಒಂಬತ್ತು ಸೆಕೆಂಡಿಗೊಮ್ಮೆ ಮಿಣುಕುತ್ತಿದೆ. ಗಂಟೆಗೆ 400. ಯೂನಿಟ್ ಅಂದರೆ ಸಾವಿರ ವ್ಯಾಟ್ ಒಂದು ಗಂಟೆ, ಅದರ ಎಂಟನೇ ಒಂದು ಪಾಲು, ಅಂದರೆ 125 ವ್ಯಾಟ್. ಮನೆಯಲ್ಲಿ ಒಂದೂ ದೀಪವಿಲ್ಲ, ಹದಿನಾಲ್ಕು ಬಲ್ಬಿನ ಕರೆಂಟು ಮಾತ್ರ ಹರಿಯುತ್ತಲೇ ಇದೆ.

ಫ್ರಿಜ್ ಗುರ್ ಅನ್ನುತ್ತಿತ್ತು. ಸರಿ, ಅದನ್ನು ಬಿಡೋಣ. ಟಿವಿ ಆಫ್ ಆಗಿದ್ದರೂ ಸೆಟ್‌ಟಾಪ್ ಬಾಕ್ಸ್ ಮುಟ್ಟಿದರೆ ಬೆಚ್ಚಗಿದೆ. ಅದರ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿದೆ. ಮಗಳು ಎಣಿಸಿ "ಹತ್ತು ಸೆಕೆಂಡು, ಅಪ್ಪಾ!" ಅಂದಳು. ಒಂದು ಸೆಕೆಂಡು ಗೆದ್ದ ಖುಷಿ. ಹನ್ನೆರಡು ವ್ಯಾಟಿನಷ್ಟು, ಅದೂ ರಾತ್ರಿ ಹಗಲು, ವರ್ಷವಿಡೀ ಸುಮಾರು ನೂರು ಯೂನಿಟ್ ನುಂಗುತ್ತಿತ್ತು, ಮಹರಾಯ. ಅದರ ಮುಂದೆ ಇವತ್ತಿನ ಒಂದು ಗಂಟೆ ಏನೇನೂ ಅಲ್ಲ.

ಅಷ್ಟರಲ್ಲಿ ಫ್ರಿಜ್‌ನ ಗುರ್ ತಾನಾಗಿ ನಿಂತಿತು. ಉಳಿದದ್ದು ವೈಫೈ ರೌಟರ್ ಒಂದೇ. ಚುಕ್ಕೆಗಾಗಿ ಕಾದೆವು. ಐವತ್ತು, ನೂರು... ಮೀಟರ್ ಕೆಟ್ಟಿತೇನೋ ಅಂದಳು ಹೆಂಡತಿ. ನೂರ ಐವತ್ತೆಂಟಕ್ಕೆ ಮಿಣುಕಿತು. ಮೂವರೂ ಒಟ್ಟಿಗೆ ಕೂಗಿದೆವು. ಆಗ ಗಂಟೆ ಒಂಬತ್ತು ನಲವತ್ತು. ಅರ್ಥ್ ಅವರ್ ಮುಗಿದದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಭಾನುವಾರ ಬೆಳಗ್ಗೆ ಸೇರಿಸಿದ್ದು: ಸ್ನಾನಕ್ಕೆ ಗೀಸರ್ ಹಾಕಿ ಮೀಟರ್ ಹತ್ತಿರ ಓಡಿದೆ. ಸೆಕೆಂಡಿಗೆ ಎರಡರ ಹತ್ತಿರ ಹೊಡೆಯುತ್ತಿತ್ತು. ಮಗಳನ್ನು ಕರೆಯಲಿಲ್ಲ.