ಸ್ವಿಚ್ ಬೋರ್ಡಿನ ಮೇಲೊಂದು ಪತಂಗ

ಬೆಳಿಗ್ಗೆ ಅಡುಗೆಮನೆಯ ಸ್ವಿಚ್ ಬೋರ್ಡಿನ ಮೇಲೆ ಕಂದು ಬಣ್ಣದ ಒಂದು ಪತಂಗ ಕೂತಿತ್ತು. ಓಡಿಸೋಣ ಅಂತ ಕೈ ಎತ್ತಿದವಳು ಹಾಗೇ ನಿಂತುಬಿಟ್ಟೆ.

ನಿನ್ನೆ ರಾತ್ರಿಯಷ್ಟೇ ವೆನ್ಸೆಸ್ಲಾಸ್ ಹೊಲರ್ ಎಂಬ ಕಲಾವಿದ ಮಾಡಿದ ಹುಳುಗಳ ಚಿತ್ರ ನೋಡುತ್ತಾ ಕೂತಿದ್ದೆ. 1646ರವು. ಪ್ರಾಗ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ನೆಲೆ ನಿಂತು, ಅಲ್ಲಿ ಯುದ್ಧ ಶುರುವಾದ ಮೇಲೆ ಆಂಟ್ವರ್ಪ್‌ಗೆ ಹೋದ ಮನುಷ್ಯ. ಊರು ಬಿಟ್ಟು ಬಂದವನು ಕೂತು ಚಿಟ್ಟೆ, ಜೀರುಂಡೆ, ದುಂಬಿ, ಕಂಬಳಿಹುಳು ಬಿಡಿಸಿದ್ದಾನೆ. ಅದೂ ಪೆನ್ಸಿಲ್ಲಿನಲ್ಲಲ್ಲ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಲ್ಲಿ ಗೀರಿ, ಆಮೇಲೆ ಆಸಿಡ್ಡಿಗೆ ಹಾಕಬೇಕು. ಗೀರಿದ ಕಡೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೆರೆಯಲ್ಲಿ ಮಸಿ ನಿಲ್ಲುತ್ತದೆ, ಕಾಗದಕ್ಕೆ ಒತ್ತಿದರೆ ಅದೇ ಚಿತ್ರ.

ಯೋಚಿಸಿ ನೋಡಿ, ಆಸಿಡ್ಡಿನಿಂದ ಪತಂಗದ ಮೈಯ ನವಿರು!

ಹೆಂಗಸರು ಚಳಿಗೆ ಕೈ ತೂರಿಸಿಕೊಳ್ಳುತ್ತಿದ್ದ ತುಪ್ಪಳದ ಮಫ್‌ಗಳನ್ನೂ ಇವನು ಬಿಡಿಸಿದ್ದಾನೆ. ಮುಟ್ಟಿದರೆ ಬೆಚ್ಚಗಿರುತ್ತೇನೋ ಅನ್ನಿಸುತ್ತದೆ. ಅದೇ ಕೈ, ಅದೇ ಸೂಜಿ ಒಂದು ಹುಳುವಿನ ಬೆನ್ನಿಗೂ ಅಷ್ಟೇ ಹೊತ್ತು ಕೊಟ್ಟಿದೆ. ನನಗೆ ಅದು ತುಂಬಾ ಇಷ್ಟವಾಯಿತು. ಶ್ರೀಮಂತರ ತುಪ್ಪಳಕ್ಕಿಂತ ಹುಳುವಿನದ್ದು ಕಡಿಮೆ ಅಂತ ಅವನಿಗೆ ಅನ್ನಿಸಲೇ ಇಲ್ಲ, ಅಲ್ವಾ?

ನಮ್ಮ ಪತಂಗದ ಹತ್ತಿರ ಮುಖ ಒಯ್ದು ನೋಡಿದೆ. ಕುತ್ತಿಗೆಯ ಸುತ್ತ ಪುಟ್ಟ ಉಣ್ಣೆ ಶಾಲು ಹೊದ್ದ ಹಾಗೆ ಕೂದಲು. ರೆಕ್ಕೆಯ ಅಂಚು ಸ್ವಲ್ಪ ಹರಿದಿತ್ತು.

ಲೈಟ್ ಹಾಕಲಿಲ್ಲ. ಕಿಟಕಿ ಬೆಳಕಿನಲ್ಲೇ ಕಾಫಿ ಮಾಡಿಕೊಂಡೆ.