ಒಂಬತ್ತನೇ ಸಾಲು

ಕತ್ತಲೆ ಕೋಣೆಯಲ್ಲಿ ಯುವಿ ದೀಪ ಹಾಕಿ ಜೆಲ್ (ಡಿಎನ್‌ಎ ಚೂರುಗಳನ್ನು ಗಾತ್ರದ ಮೇಲೆ ಗೆರೆಗಳಾಗಿ ಬಿಡಿಸುವ ಲೋಳೆಯ ಹಲಗೆ) ನೋಡಿದ್ದೇ ತಡ, ಎದೆ ಧಸಕ್ಕೆಂದಿತು. ಇಪ್ಪತ್ತನಾಲ್ಕು ಊರಿನ ಗಿಡಗಳ ಡಿಎನ್‌ಎ, ಇಪ್ಪತ್ತನಾಲ್ಕು ಸಾಲು. ಎಲ್ಲದರಲ್ಲೂ ಗೆರೆಗಳು ಒಂದೇ ಎತ್ತರಕ್ಕೆ ಹೊಳೆಯುತ್ತಿವೆ. ಗಿಡದ ಬಗೆ ಬೇರೆಯಾದರೆ ಗೆರೆಗಳ ಎತ್ತರವೂ ಬೇರೆ ಬರಬೇಕಿತ್ತು. ನಿದ್ದೆಗಣ್ಣಲ್ಲಿ ಒಂದೇ ಟ್ಯೂಬಿನದನ್ನು ಎಲ್ಲ ಗುಳಿಗೂ ಸುರಿದುಬಿಟ್ಟೆನಾ?

ಅದು 2010ರ ಫೆಬ್ರುವರಿ. ಎಂಎಸ್ಸಿ ಪ್ರಬಂಧಕ್ಕೆ ಜಟ್ರೋಫಾ ಹಿಡಿದಿದ್ದೆ, ಬೀಜದ ಎಣ್ಣೆಯಿಂದ ಡೀಸೆಲ್ ಮಾಡುವ ಗಿಡ. ಆಗ ಯಾರ ಬಾಯಲ್ಲಿ ಕೇಳಿದರೂ ಅದೇ. 2017ರ ಹೊತ್ತಿಗೆ ಪೆಟ್ರೋಲ್, ಡೀಸೆಲ್‌ಗೆ ನೂರಕ್ಕೆ 20 ಪಾಲು ಜೈವಿಕ ಇಂಧನ ಬೆರೆಸಬೇಕೆಂಬ ಕೇಂದ್ರದ ನೀತಿ ಹಿಂದಿನ ಡಿಸೆಂಬರಿನಲ್ಲಷ್ಟೇ ಹೊರಬಿದ್ದಿತ್ತು. ಶಿರಾ ಕಡೆಯ ನಮ್ಮೂರಲ್ಲಿ ಅಪ್ಪನೂ ಒಂದು ಎಕರೆಗೆ ಸಾವಿರ ಸಸಿ ನೆಟ್ಟಿದ್ದ. ‘ನೀರು ಕೇಳಲ್ಲ, ದನ ಮುಟ್ಟಲ್ಲ’ ಅಂತ ಯಾರೋ ಸಭೆಯಲ್ಲಿ ಹೇಳಿದ್ದರಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಬಸ್ಸಲ್ಲಿ ಊರೂರು ತಿರುಗಿ ಎಲೆ ಕಿತ್ತು ತಂದಿದ್ದೆ. ಜಟ್ರೋಫಾಕ್ಕೆ ಒಂದು ಕಡೆ ಕಾಡುಹರಳು ಎಂಬ ಹೆಸರು, ಇನ್ನೊಂದು ಕಡೆ ಮರಹರಳು, ಮತ್ತೊಂದೆಡೆ ಬೆಟ್ಟದ ಹರಳು. ಧಾರವಾಡದ ಕಡೆ ಹೋದರೆ ಹರಳೇ ಔಡಲ. ಇಷ್ಟು ಹೆಸರಿದ್ದ ಮೇಲೆ ಗಿಡದಲ್ಲೂ ಅಷ್ಟು ಬಗೆ ಇರಲೇಬೇಕು ಎಂಬುದು ನನ್ನ ಲೆಕ್ಕ. ಒಂದೂರಲ್ಲಿ ಎಲೆ ಅಗಲ, ಇನ್ನೊಂದೂರಲ್ಲಿ ಕಾಯಿ ದಪ್ಪ, ಅದನ್ನೂ ಬರೆದುಕೊಂಡಿದ್ದೆ. ಗಿಡದ ಹಾಲು ಮೆತ್ತಿ ಎರಡು ಅಂಗಿ ಕಲೆಗಟ್ಟಿ ಹಾಳಾದವು.

ಗೈಡ್ ಮೇಡಂ ಬಂದು ನೋಡಿದರು. ಇಪ್ಪತ್ತೈದನೇ ಗುಳಿಗೆ ಹೋಲಿಕೆಗೆಂದು ನಮ್ಮ ಮಾಮೂಲಿ ಹರಳಿನ ಡಿಎನ್‌ಎ ಹಾಕಿದ್ದೆ. ಅದರ ಗೆರೆಗಳು ಮಾತ್ರ ಬೇರೆ. ‘ಹರಳು ಬೇರೆ ಬಂದಿದೆಯಲ್ಲಪ್ಪ, ನೀನೇನೂ ತಪ್ಪು ಮಾಡಿಲ್ಲ. ಗಿಡಗಳೇ ಒಂದು’ ಎಂದರು. ಹೈದರಾಬಾದಿನ ಸಂಶೋಧಕರು ದೇಶದ 42 ಕಡೆಯ ಗಿಡ ತಂದು ನೋಡಿ, ಹೆಚ್ಚೇನೂ ವ್ಯತ್ಯಾಸವಿಲ್ಲ ಎಂದು 2007ರಲ್ಲೇ ಬರೆದಿದ್ದರು. ಬೇರೆಯಾಗಿ ಕಂಡದ್ದು ಮೆಕ್ಸಿಕೋದ ಒಂದು ಗಿಡ. ಅದನ್ನು ಓದಿಯೂ ನಾನು ನಂಬಿರಲಿಲ್ಲ. ಬೇರೆ ಪ್ರೈಮರ್ (ಡಿಎನ್‌ಎಯ ಯಾವ ಭಾಗ ನಕಲಾಗಬೇಕೆಂದು ಗೊತ್ತುಮಾಡುವ ಚೂರು) ಹಾಕಿ ಮತ್ತೆ ಓಡಿಸಿದೆ. ಅಲ್ಲೊಂದು ಇಲ್ಲೊಂದು ಗೆರೆ ಹೆಚ್ಚುಕಮ್ಮಿ, ಅಷ್ಟೆ.

ಈ ಗಿಡದ ತವರು ಮೆಕ್ಸಿಕೋ, ಮಧ್ಯ ಅಮೆರಿಕ. ಅಲ್ಲಿ ಅದರ ಬಗೆಗಳು ಬೇಕಾದಷ್ಟಿವೆ. ಪೋರ್ಚುಗೀಸರು ಹಡಗಲ್ಲಿ ತಂದು ಹರಡಿದರೆಂದು ಹೇಳುತ್ತಾರೆ. ಆಫ್ರಿಕಾದ ಪಕ್ಕದ ಕೇಪ್ ವರ್ಡೆ ದ್ವೀಪಗಳಲ್ಲಿ ಬೆಳೆದು, ಸೋಪಿಗೂ ದೀಪಕ್ಕೂ ಬೀಜವನ್ನು ಲಿಸ್ಬನ್ನಿಗೆ ಕಳಿಸುತ್ತಿದ್ದರು. ಹೊರಟಿದ್ದೇ ಹಿಡಿ ಬೀಜವಿದ್ದಿರಬೇಕು. ಇಲ್ಲಿಗೆ ಬಂದ ಮೇಲೆ ನಮ್ಮವರು ಬೀಜವನ್ನೂ ಬಿತ್ತಲಿಲ್ಲ. ರೆಂಬೆ ಕಡಿದು ಬೇಲಿಗೆ ಊರಿದರು. ಬೀಜದಿಂದ ಹುಟ್ಟಿದ್ದು ಮಗು, ರೆಂಬೆಯಿಂದ ಚಿಗುರಿದ್ದು ಅದೇ ತಾಯಿ.

ಮೆಕ್ಸಿಕೋದ ವೆರಾಕ್ರೂಸ್ ಕಡೆ ಇದರ ಬೀಜ ಹುರಿದು ತಿನ್ನುತ್ತಾರೆ ಎಂದು ಓದಿ ಹೊಟ್ಟೆ ಉರಿಯಿತು. ನಾನು ಮೂರನೇ ಕ್ಲಾಸಲ್ಲಿದ್ದಾಗ ಕಡಲೆಬೀಜದಂಗಿದೆ ಎಂದು ನಾಲ್ಕು ತಿಂದ ಗೆಳೆಯ ವಾಂತಿ ಮಾಡಿ ಮಾಡಿ ಗ್ಲೂಕೋಸ್ ಹಾಕಿಸಿಕೊಂಡಿದ್ದ. ಆ ವಿಷವಿಲ್ಲದ ಬಗೆ ಅಲ್ಲೇ ಉಳಿಯಿತು. ಹಿಂಡಿ ದನಕ್ಕೂ ಆಗದ ಬಗೆ ನಮ್ಮ ಪಾಲಿಗೆ ಬಂತು. ಇಳುವರಿ ಹೆಚ್ಚಿಸೋಣವೆಂದರೆ ಆರಿಸುವುದು ಯಾವುದರಿಂದ? ಎಲ್ಲ ಒಂದೇ ಆಗಿರುವಾಗ ‘ಸುಧಾರಿತ ತಳಿ’ ಎಂಬ ಚೀಟಿ ಅಂಟಿಸಿ ಸಸಿ ಮಾರಿದ್ದಾದರೂ ಹೇಗೆ? ನನಗೆ ಈಗಲೂ ಸಿಟ್ಟು.

ಯುಗಾದಿಗೆ ಊರಿಗೆ ಹೋದೆ. ಅಪ್ಪನ ಎಕರೆಯಲ್ಲಿ ಆ ವರ್ಷ ಎರಡು ಚೀಲವೂ ತುಂಬಿರಲಿಲ್ಲ. ನೀರು ಕೇಳದ ಗಿಡ ಬದುಕಿತ್ತು, ಕಾಯಿ ಬಿಟ್ಟಿರಲಿಲ್ಲ. ಜೆಲ್ಲಿನ ಫೋಟೋ ತೋರಿಸಿ ವಿಷಯ ಹೇಳಿದೆ. ಅಪ್ಪ ಬಹಳ ಹೊತ್ತು ನೋಡಿದ.

‘ಅಂದ್ರೆ, ದುಡ್ಡು ಕೊಟ್ಟು ತಂದಿದ್ದು ನಮ್ಮ ಬೇಲಿ ಗಿಡಾನೇ?’

‘ಹೆಚ್ಚುಕಮ್ಮಿ ಹೌದು.’

ಎಲೆ ಉದುರಿಸಿಕೊಂಡು ಬರಿ ಕೋಲಾಗಿದ್ದ ಹಿತ್ತಲ ಬೇಲಿ ತುದಿಯಲ್ಲಿ ಆಗಷ್ಟೇ ಚಿಗುರುತ್ತಿತ್ತು. ‘ನಮ್ಮವ್ವ ಊರಿದ್ದು ಕಣೋ ಅದು. ಹಿರಿಯೂರಿಂದ, ಅವಳ ತವರಿಂದ, ಒಂದು ಹೊರೆ ಕೋಲು ಗಾಡೀಲಿ ಹಾಕ್ಕೊಂಡು ಬಂದಿದ್ಲು’ ಎಂದ.

ಹಿರಿಯೂರು ನನ್ನ ಜೆಲ್ಲಿನಲ್ಲಿ ಒಂಬತ್ತನೇ ಸಾಲು.